ಬೀಜ ಬಂದರೆ ಸಾಲದು, ವಿದ್ಯೆಯೂ ಬೇರೂರಬೇಕು

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ 1367ರಷ್ಟು ಹಳೆಯದು. ಅದರ ಶಾಸನದಲ್ಲಿ ಪರ್ಷಿಯಾದ ಕಜ್ವೀನ್ ಮೂಲದ ರಫಿ ಎಂಬಾತನ ಹೆಸರಿದೆ. ಕಮಾನು, ಗುಮ್ಮಟಗಳ ವಿದ್ಯೆ ದೂರದೇಶದಿಂದ ಬಂದಿತು. ಕಲ್ಲು, ಗಾರೆ ಈ ನೆಲದವು. ನೆರೆಯ ಬೀದರಿನ ಬಿದರಿ ಕಲೆಯ ಮೂಲವೂ ಇರಾನ್ ಎನ್ನುತ್ತಾರೆ. ಆದರೆ ಆ ಲೋಹಕ್ಕೆ ಮಾಸದ ಕಪ್ಪು ಬಣ್ಣ ಕೊಡುವುದು ಬೀದರ್ ಕೋಟೆಯ ಮಣ್ಣು. ಹೊರಗಿನಿಂದ ಬಂದ ವಿದ್ಯೆ ಇಲ್ಲಿನ ಕೈಗಳಲ್ಲಿ ನೆಲೆನಿಂತಾಗಲೇ ಅದು ನಮ್ಮದಾಯಿತು.

ಇಂದು ರಾಷ್ಟ್ರಗಳ ನಡುವೆ ತಂತ್ರಜ್ಞಾನ ವರ್ಗಾವಣೆಯ ಮಾತು ಬಂದಾಗಲೆಲ್ಲ ಈ ಸತ್ಯ ಮರೆಯಾಗುತ್ತಿರುವುದು ವಿಷಾದನೀಯ. 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಆಸ್ತಿ ಒಪ್ಪಂದದಲ್ಲಿ, ಅತಿ ಹಿಂದುಳಿದ ರಾಷ್ಟ್ರಗಳಿಗೆ ತಂತ್ರಜ್ಞಾನ ತಲುಪಿಸಲು ಮುಂದುವರಿದ ರಾಷ್ಟ್ರಗಳು ತಮ್ಮ ಉದ್ಯಮಗಳಿಗೆ ಉತ್ತೇಜನ ನೀಡತಕ್ಕದ್ದು ಎಂಬ ವಿಧಿಯಿದೆ. ಅಂಥ ರಾಷ್ಟ್ರಗಳಿಗಾಗಿಯೇ ವಿಶ್ವಸಂಸ್ಥೆಯ ತಂತ್ರಜ್ಞಾನ ಬ್ಯಾಂಕು 2018ರಲ್ಲಿ ಟರ್ಕಿಯ ಗೆಬ್ಜೆಯಲ್ಲಿ ಬಾಗಿಲು ತೆರೆಯಿತು. ಇವೆಲ್ಲ ಸ್ವಾಗತಾರ್ಹವೇ. ಆದರೆ ಯಂತ್ರವನ್ನು ಕೊಟ್ಟು ದುರಸ್ತಿ ಕಲಿಸದಿದ್ದರೆ, ಬೀಜ ಕೊಟ್ಟು ತಳಿ ಕಾಯುವ ವಿದ್ಯೆ ಕಲಿಸದಿದ್ದರೆ, ಪಡೆದವನು ಮತ್ತೆ ಮತ್ತೆ ಕೈಚಾಚಬೇಕಾಗುತ್ತದೆ. ಇದನ್ನು ಅರಿಯಲು ನಾವು ಬಹುದೂರ ಹೋಗಬೇಕಾಗಿಲ್ಲ. ಕಲಬುರಗಿಯಿಂದ ಕಮಲಾಪುರದ ಹಾದಿ ಹಿಡಿದರೆ ಸಾಕು.

ತೊಗರಿಯ ಕಣಜವೆನಿಸಿದ ಈ ಸೀಮೆಯ ರೈತರಿಗೆ ನೆಟೆ ರೋಗದ ಕಾಟ ಹೊಸತಲ್ಲ. ಫ್ಯುಸೇರಿಯಂ ಎಂಬ ಶಿಲೀಂಧ್ರವು ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿದ್ದು, ಬೇರಿನ ಮೂಲಕ ಒಳಹೊಕ್ಕು, ನೀರು ಏರುವ ನಾಳಗಳನ್ನು ಮುಚ್ಚುತ್ತದೆ. ಹೂವು ಕಾಯಿಗಳ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಹೈದರಾಬಾದಿನ ಸಮೀಪ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಗೊಂಡ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್, ಮಹಾರಾಷ್ಟ್ರದ ನಾಟಿ ತಳಿಯೊಂದರಿಂದ ರೋಗ ತಡೆಯಬಲ್ಲ ಸಸಿಗಳನ್ನು ಆರಿಸಿತು. ಅದೇ ‘ಮಾರುತಿ’ ಎಂಬ ಹೆಸರಿನಿಂದ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಗಿ ಸಾವಿರಾರು ಸಂಸಾರಗಳ ಕೈಹಿಡಿಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ರೋಗಾಣುವೂ ಸ್ಥಳದಿಂದ ಸ್ಥಳಕ್ಕೆ ಬದಲಾಗುತ್ತದೆ. ಒಂದು ಊರಿನಲ್ಲಿ ತಡೆದ ತಳಿ ಇನ್ನೊಂದು ಊರಿನಲ್ಲಿ ಸೋಲಬಹುದು. ಆದಕಾರಣ ಈ ನೆಲದಲ್ಲೇ ಪರೀಕ್ಷಿಸುವ, ಈ ನೆಲದಲ್ಲೇ ಆರಿಸುವ ಸಾಮರ್ಥ್ಯ ಬೇಕಾಯಿತು. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಟಿ.ಎಸ್.-3ಆರ್ ಮೊದಲಾದ ತಳಿಗಳು ಹೊರಬಂದುದು ಇಂಥ ಶ್ರಮದಿಂದಲೇ. ಹೀಗಿದ್ದೂ 2022-23ರ ಹಂಗಾಮಿನಲ್ಲಿ ನೆಟೆ ರೋಗ ಮತ್ತೆ ವ್ಯಾಪಕವಾಗಿ ಹಬ್ಬಿ, ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಪರಿಹಾರದ ಹಣ ಒಂದು ವರ್ಷದ ಗಾಯಕ್ಕೆ ಮದ್ದು. ಸಂಶೋಧನೆ, ಬೀಜೋತ್ಪಾದನೆ, ಹಳ್ಳಿಯ ಮಟ್ಟದ ಸಲಹೆ ಇವು ಮುಂದಿನ ವರ್ಷಗಳ ರಕ್ಷೆ. ಎರಡನೆಯದನ್ನು ಕಡೆಗಣಿಸಿದರೆ ಮೊದಲನೆಯದು ಪ್ರತಿವರ್ಷದ ಗೋಳಾಗುತ್ತದೆ.

ವಿದ್ಯೆ ಯಾವಾಗಲೂ ಮೇಲಿನಿಂದ ಕೆಳಕ್ಕೇ ಹರಿಯುವುದೆಂಬ ಭಾವನೆಯೂ ಸರಿಯಲ್ಲ. ಕಾಯಿಕೊರಕ ಮುತ್ತಿದಾಗ ತೊಗರಿ ಗಿಡದ ಕೆಳಗೆ ಬಟ್ಟೆ ಹಿಡಿದು, ಗಿಡವನ್ನು ಅಲುಗಾಡಿಸಿ, ಉದುರಿದ ಹುಳುಗಳನ್ನು ಆರಿಸುವ ಉಪಾಯ ಈ ಭಾಗದ ರೈತರದು. ವಿಜ್ಞಾನಿಗಳು ಅದನ್ನು ಪರೀಕ್ಷಿಸಿ ಸಮಗ್ರ ಕೀಟ ನಿರ್ವಹಣೆಯಲ್ಲಿ ಸೇರಿಸಿಕೊಂಡರು. ಇಲ್ಲಿ ಕಲಿಸಿದವನು ರೈತ, ಕಲಿತದ್ದು ಪ್ರಯೋಗಾಲಯ.

ಈಗ ಒಂದು ಕಠಿಣ ಪ್ರಶ್ನೆ. ಮಲಾವಿ, ತಾಂಜಾನಿಯಾ, ಮೊಜಾಂಬಿಕ್‌ಗಳ ಬಡ ರೈತರೂ ತೊಗರಿ ಬೆಳೆಯುತ್ತಾರೆ. ಅವರಿಗೂ ನೆಟೆ ರೋಗದ ಪೀಡೆಯುಂಟು. ಅಲ್ಲಿನ ಹವೆಗೂ ಅಲ್ಲಿನ ಜನ ಮೆಚ್ಚುವ ದಪ್ಪ ಬಿಳಿ ಕಾಳಿಗೂ ಹೊಂದುವ ತಳಿಗಳನ್ನು ಪೂರ್ವ ಆಫ್ರಿಕದ ತಳಿಸಂಪತ್ತಿನಿಂದಲೇ ರೂಪಿಸಬೇಕಾಯಿತು; ಇಲ್ಲಿನ ಬೀಜವನ್ನು ಹಡಗಿಗೇರಿಸಿ ಕಳುಹಿಸಿದ್ದರೆ ಪ್ರಯೋಜನವಾಗುತ್ತಿರಲಿಲ್ಲ. ಬೇಳೆಕಾಳು ಕೊಳ್ಳಲು ಭಾರತವು 2016ರಲ್ಲಿ ಮೊಜಾಂಬಿಕ್‌ನೊಡನೆ ಒಪ್ಪಂದ ಮಾಡಿಕೊಂಡಿತು. ಆಮದಾದ ತೊಗರಿ ಬಂದರಿಗೆ ಇಳಿದಾಗ ಕಲಬುರಗಿಯ ಮಾರುಕಟ್ಟೆಯಲ್ಲಿ ಧಾರಣೆ ಕುಸಿದೀತೆಂಬ ಅಂಜಿಕೆ ನಮ್ಮ ರೈತನಿಗಿದೆ. ಹಾಗಿರುವಾಗ ಪ್ರತಿಸ್ಪರ್ಧಿಗೆ ವಿದ್ಯೆ ಕಲಿಸಬೇಕೇ?

ಅಂಜಿಕೆ ನಿರಾಧಾರವಲ್ಲ, ಅದನ್ನು ತಳ್ಳಿಹಾಕುವುದು ನ್ಯಾಯವೂ ಅಲ್ಲ. ಆದರೆ ಅದಕ್ಕೆ ಉತ್ತರ ಸಕಾಲದ ಖರೀದಿ, ನ್ಯಾಯವಾದ ಬೆಂಬಲ ಬೆಲೆ, ಸುಗ್ಗಿಯ ಕಾಲವನ್ನು ಲೆಕ್ಕಿಸುವ ಆಮದು ನೀತಿ. ದೂರದ ಬಡವನ ಅಜ್ಞಾನದ ಮೇಲೆ ನಮ್ಮ ಬಡವನ ಅನ್ನವನ್ನು ಭದ್ರಪಡಿಸಲಾಗದು. ಮಾರುತಿ ತಳಿಯೇ ಹಲವು ದೇಶಗಳ ಹಣ, ಹಲವು ದೇಶಗಳ ವಿದ್ವತ್ತಿನಿಂದ ನಡೆಯುವ ಸಂಸ್ಥೆಯ ಫಲವಲ್ಲವೇ? ಹಾಗೆ ಪಡೆದ ನಾವು ಕೊಡಲು ಹಿಂಜರಿಯುವುದು ತರವಲ್ಲ. ಜಗದ್ಗುರು ಆರನೆಯ ಪೌಲರು ಜನಾಂಗಗಳ ಪ್ರಗತಿಯನ್ನು ಕುರಿತ 1967ರ ತಮ್ಮ ವಿಶ್ವಪತ್ರದಲ್ಲಿ, ಪ್ರತಿಯೊಂದು ಜನಾಂಗವೂ ತನ್ನ ಭವಿಷ್ಯವನ್ನು ತಾನೇ ರೂಪಿಸಿಕೊಳ್ಳುವಂತಾಗಬೇಕೆಂದು ಆಶಿಸಿದ್ದರು. ನೆರವಿನ ಅಳತೆಗೋಲು ಕೊಟ್ಟ ವಸ್ತುವಿನ ಬೆಲೆಯಲ್ಲ, ಪಡೆದವನಲ್ಲಿ ಉಳಿದ ಶಕ್ತಿ.

ಬಿತ್ತುವವನ ಸಾಮತಿಯನ್ನು ನಾವು ಎಳವೆಯಿಂದ ಕೇಳುತ್ತ ಬಂದಿದ್ದೇವೆ. ಬೀಜ ಒಂದೇ, ನೆಲದ ಹದದಂತೆ ಫಲ. ಹದಗೊಳಿಸುವ ಕೆಲಸ ಸರ್ಕಾರದ್ದು ಮಾತ್ರವೆಂದು ಕೈಕಟ್ಟಿ ಕೂರುವುದು ಬೇಡ. ಬೇಸಾಯದ ಮನೆಯ ಮಕ್ಕಳು ಕೃಷಿ ವಿಜ್ಞಾನ ಓದುವುದನ್ನು ಕೀಳೆಂದು ಭಾವಿಸದಿರೋಣ. ಓದಿದವರು ಹಳ್ಳಿಗೆ ಮರಳಿ ಮಣ್ಣು ಪರೀಕ್ಷೆ, ಬೀಜೋಪಚಾರ, ಬೆಳೆ ಬದಲಾವಣೆಗಳನ್ನು ನೆರೆಹೊರೆಯವರಿಗೆ ತಿಳಿಸಲಿ. ನಮ್ಮ ಹೊಲದಲ್ಲಿ ಬೇರೂರಿದ ವಿದ್ಯೆಯನ್ನಷ್ಟೇ ನಾವು ಇನ್ನೊಬ್ಬರಿಗೆ ಧೈರ್ಯದಿಂದ ಹಂಚಬಲ್ಲೆವು.