ಠಾಣೆಯ ಮೆಟ್ಟಿಲಲ್ಲಿ ನಮ್ಮ ಮಾತು

ಅನಂತಪುರದ ಪೊಲೀಸ್ ತರಬೇತಿ ಕಾಲೇಜಿನಲ್ಲಿ ನಿರ್ಗಮನ ಪಥಸಂಚಲನ ನಡೆದಾಗ ಮರುದಿನದ ತೆಲುಗು ಪತ್ರಿಕೆಗಳಲ್ಲಿ ಅದರ ಚಿತ್ರಗಳನ್ನು ನಾವೆಲ್ಲ ನೋಡುತ್ತೇವೆ. ಸಾಲಾಗಿ ನಿಂತ ಯುವಕ ಯುವತಿಯರು, ಹೊಳೆಯುವ ಬೂಟುಗಳು, ಮಕ್ಕಳನ್ನು ಸಮವಸ್ತ್ರದಲ್ಲಿ ಕಂಡು ಕಣ್ಣೊರೆಸಿಕೊಳ್ಳುವ ತಾಯಂದಿರು. 2014ರಲ್ಲಿ ರಾಜ್ಯ ವಿಭಜನೆಯಾಗಿ ಹೈದರಾಬಾದಿನ ಅಕಾಡೆಮಿ ತೆಲಂಗಾಣದ ಪಾಲಾದ ಮೇಲೆ ಈ ಕಾಲೇಜಿನ ಮಹತ್ವ ಹೆಚ್ಚಿದೆ. ರಾಯದುರ್ಗ, ಮಡಕಶಿರಾ ಭಾಗದ ಠಾಣೆಗಳಿಗೆ ನಾಳೆ ಉಪ ನಿರೀಕ್ಷಕರಾಗಿ ಬರುವವರು ಇಂಥ ಮೈದಾನದಲ್ಲಿ ಬೆವರು ಸುರಿಸಿದವರೇ.

ಆ ಬೆವರು ಹುಸಿಯಲ್ಲ. ಬೆಳಕು ಹರಿಯುವ ಮುನ್ನವೇ ಓಟ, ಕವಾಯತು, ಆಯುಧಾಭ್ಯಾಸ. ಅನಂತರ ಕಾನೂನಿನ ಪಾಠ. 2024ರ ಜುಲೈ 1ರಿಂದ ಮೂರು ಹೊಸ ಕಾನೂನುಗಳು ಜಾರಿಗೆ ಬಂದಿರುವುದರಿಂದ ಬೋಧಕರೂ ಕಲಮುಗಳ ಸಂಖ್ಯೆಯನ್ನು ಹೊಸದಾಗಿ ಬಾಯಿಪಾಠ ಮಾಡಬೇಕಾಯಿತು. ಅಪರಾಧ ನಡೆದ ಸ್ಥಳವನ್ನು ಕಾಯುವುದು, ಬೆರಳಚ್ಚು ಎತ್ತುವುದು, ಪಂಚನಾಮೆ ಬರೆಯುವುದು, ಇವೆಲ್ಲವನ್ನೂ ಕಲಿಯುತ್ತಾರೆ. ಇಷ್ಟೆಲ್ಲ ಕಲಿತು ಬಂದ ಅಧಿಕಾರಿಯ ಮುಂದೆ ನಮ್ಮ ಹಳ್ಳಿಯ ಹೆಂಗಸೊಬ್ಬಳು ಕನ್ನಡದಲ್ಲಿ ಬಾಯಿ ತೆರೆದರೆ ಏನಾಗುತ್ತದೆ? ನಾನು ಕಂಡದ್ದನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳ ಮನೆಯಲ್ಲಿ ಕಳುವಾಯಿತು. ಜೊತೆಗೆ ಬನ್ನಿರೆಂದು ಕರೆದಳೆಂದು ನಾನೂ ಠಾಣೆಗೆ ಹೋದೆ. ತರಬೇತಿ ಮುಗಿಸಿ ಆಗಷ್ಟೇ ಬಂದಿದ್ದ ಉಪ ನಿರೀಕ್ಷಕರು ಆಕೆಗೆ ಕುರ್ಚಿ ಕೊಟ್ಟರು, ನೀರು ತರಿಸಿದರು. ಆಕೆ ಹೇಳಿದ್ದನ್ನು ಪಕ್ಕದ ಪೇದೆ ತೆಲುಗಿನಲ್ಲಿ ಬರೆದುಕೊಂಡ. ಬರೆದದ್ದನ್ನು ನಿಯಮದಂತೆ ಓದಿಯೂ ಹೇಳಿದರು. ಆಕೆ ತಲೆಯಾಡಿಸಿ ಸಹಿ ಹಾಕಲು ಪೆನ್ನು ಎತ್ತಿಕೊಂಡಳು.

ಓದುವಾಗ ಒಂದು ಪದ ನನ್ನ ಕಿವಿಗೆ ತಟ್ಟಿತ್ತು. ಆಕೆ ಹೇಳಿದ್ದು "ನಮ್ಮವ್ವನ ಸರ" ಎಂದು. ಬಳ್ಳಾರಿಯ ಕಡೆಯಿಂದ ಬಂದ ಆಕೆಗೆ ಅವ್ವ ಎಂದರೆ ಹೆತ್ತ ತಾಯಿ. ರಾಯಲಸೀಮೆಯ ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. ಕಾಗದದ ಮೇಲೆ ಸರ ಎಂದೋ ತೀರಿಹೋದ ಅಜ್ಜಿಯದಾಗಿ ಕುಳಿತಿತ್ತು. ನಾಳೆ ನ್ಯಾಯಾಲಯದಲ್ಲಿ ತಾಯಿ ಬಂದು "ಸರ ನನ್ನದು" ಎಂದರೆ, ಎದುರು ಪಕ್ಷದ ವಕೀಲರು ಬಿಡುತ್ತಾರೆಯೇ? ನಾನು ತಡೆದು ಹೇಳಿದೆ, ತಿದ್ದಿ ಬರೆದರು. ಯಾರಲ್ಲೂ ದುರುದ್ದೇಶವಿರಲಿಲ್ಲ. ಎರಡು ಭಾಷೆಗಳೂ ನೆರೆಹೊರೆಯವಾದ್ದರಿಂದಲೇ ಹೀಗಾಗುತ್ತದೆ. ತಮಗೆ ಅರ್ಥವಾಗಲಿಲ್ಲವೆಂಬುದೇ ಇಬ್ಬರಿಗೂ ತಿಳಿಯುವುದಿಲ್ಲ.

ಬಾಯಿಮಾತಿನ ದೂರನ್ನು ಬರೆದುಕೊಂಡು, ದೂರುದಾರರಿಗೆ ಓದಿ ಹೇಳಿ, ಸಹಿ ಪಡೆಯಬೇಕೆಂಬುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 154ನೆಯ ಕಲಮಿನಲ್ಲಿತ್ತು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಲ್ಲಿದೆ. ಯಾವ ಭಾಷೆಯಲ್ಲಿ ಓದಬೇಕೆಂದು ಅಲ್ಲಿ ಬರೆದಿಲ್ಲ. ಆದರೆ ವಿಚಾರಣೆಯಿಲ್ಲದೆ ಬಂಧನದಲ್ಲಿಡುವವರಿಗೆ ಅದರ ಕಾರಣಗಳನ್ನು ಅವರಿಗೆ ತಿಳಿಯುವ ಭಾಷೆಯಲ್ಲೇ ಹೇಳಬೇಕೆಂದು ಸುಪ್ರೀಂ ಕೋರ್ಟು 1962ರಷ್ಟು ಹಿಂದೆಯೇ, ಹರಿಕಿಶನ್ ಪ್ರಕರಣದಲ್ಲಿ ಹೇಳಿದೆ. ಬಂಧಿತನಿಗೆ ಸಲ್ಲುವ ನ್ಯಾಯ ಕಳೆದುಕೊಂಡವರಿಗೂ ಸಲ್ಲಬೇಡವೇ?

ಹೈದರಾಬಾದಿನಲ್ಲಿ ಸರ್ದಾರ್ ವಲ್ಲಭಭಾಯಿ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯಿದೆ. 1948ರಲ್ಲಿ ಮೌಂಟ್ ಅಬುವಿನಲ್ಲಿ ಹುಟ್ಟಿ 1975ರಲ್ಲಿ ಇಲ್ಲಿಗೆ ಬಂದ ಸಂಸ್ಥೆ. ಅಲ್ಲಿ ಐ.ಪಿ.ಎಸ್. ಅಧಿಕಾರಿಗಳು ತಮಗೆ ಹಂಚಿಕೆಯಾದ ರಾಜ್ಯದ ಭಾಷೆಯನ್ನು ಕಲಿಯುತ್ತಾರೆ. ಬಿಹಾರದವರು ತೆಲುಗು ಕಲಿತು ಆಂಧ್ರಕ್ಕೆ ಬರುತ್ತಾರೆ, ಪಂಜಾಬಿನವರು ಕನ್ನಡ ಕಲಿತು ಕರ್ನಾಟಕಕ್ಕೆ ಹೋಗುತ್ತಾರೆ. ಲೆಕ್ಕವೆಲ್ಲ ರಾಜ್ಯದ್ದು. ಮೂರು ಕಡೆ ತುಮಕೂರು ಜಿಲ್ಲೆಯನ್ನು ತಬ್ಬಿಕೊಂಡಿರುವ ಮಡಕಶಿರೆಯಾಗಲಿ, 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ರಾಯದುರ್ಗವಾಗಲಿ ಆ ಲೆಕ್ಕದೊಳಗೆ ಬರುವುದಿಲ್ಲ. ಅನಂತಪುರದಂಥ ಊರಿನಲ್ಲೇ ತರಬೇತಿ ನಡೆಯುವಾಗ, ಗಡಿ ಠಾಣೆಗಳಿಗೆ ಹೋಗುವವರಿಗಾದರೂ ಕೆಲವು ವಾರಗಳ ಕನ್ನಡ ಪಾಠ ಸೇರಿಸುವುದು ಅಸಾಧ್ಯದ ಮಾತೇನಲ್ಲ. ಪಾಠ ಹೇಳಲು ನಮ್ಮ ಶಾಲೆಗಳ ಅಧ್ಯಾಪಕರಿದ್ದಾರೆ.

ಅಲ್ಲಿಯವರೆಗೆ ಪಾಲಕರು ತಿಳಿದಿರಬೇಕಾದದ್ದಿಷ್ಟು. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಆದ್ದರಿಂದ ದೂರನ್ನು ಕನ್ನಡದಲ್ಲೇ ಬರೆದು ಒಯ್ಯಲು ಅಳುಕಬೇಡಿ. ಓದಿದ್ದು ಅರ್ಥವಾಗದಿದ್ದರೆ ಕನ್ನಡದಲ್ಲಿ ವಿವರಿಸಿರೆಂದು ಕೇಳಿ, ಆಮೇಲೆ ಸಹಿ ಹಾಕಿ. ಪ್ರಥಮ ವರ್ತಮಾನ ವರದಿಯ ಪ್ರತಿ ಉಚಿತವಾಗಿ ಸಿಗಬೇಕು. ಶಿರಾ ಬಸ್ಸಿನಲ್ಲಿ ಕಳೆದ ಚೀಲಕ್ಕೆ ಮಡಕಶಿರೆಯ ಠಾಣೆಯಲ್ಲೂ ದೂರು ಕೊಡಬಹುದು. "ಅದು ಕರ್ನಾಟಕದ್ದು, ಅಲ್ಲಿಗೇ ಹೋಗಿ" ಎಂದು ಹಿಂದೆ ಕಳುಹಿಸಲು ಈಗಿನ ಕಾನೂನಿನಲ್ಲಿ ಅವಕಾಶವಿಲ್ಲ.

ನಮ್ಮ ಮಕ್ಕಳ ವಿಷಯವನ್ನೂ ಹೇಳಬೇಕು. ಉಪ ನಿರೀಕ್ಷಕ ಹುದ್ದೆಗೆ ಪದವಿ ಬೇಕು, ತೆಲುಗೂ ಬರಬೇಕು. ಹೇಗೂ ಕನ್ನಡ ಮಾಧ್ಯಮವೆಂದು ತೆಲುಗನ್ನು ಕಡೆಗಣಿಸುವ ಮನೆಗಳನ್ನು ಕಂಡಿದ್ದೇನೆ, ಅದು ಸರಿಯಲ್ಲ. ಎರಡನ್ನೂ ಬರೆಯಬಲ್ಲ ಹುಡುಗಿಯೊಬ್ಬಳು ಆ ಠಾಣೆಯಲ್ಲಿ ಕುಳಿತಿದ್ದರೆ ಅಂದು ನನ್ನ ಅಗತ್ಯವೇ ಬೀಳುತ್ತಿರಲಿಲ್ಲ.

ಆ ಯುವ ಅಧಿಕಾರಿ ಅಂದು ನಮ್ಮನ್ನು ಬೀಳ್ಕೊಡುವ ಮೊದಲು, ಹೀಗೆ ಮೋಸಮಾಡುವ ಪದಗಳು ಇನ್ನಾವುವಿವೆ ಎಂದು ಕೇಳಿ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ವರ್ಷ ತುಂಬುವುದರೊಳಗೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಈಗಿರುವವರಿಗೆ ಆ ಪಟ್ಟಿ ಸಿಕ್ಕಿಲ್ಲ.