ಮುರಿದ ಕೈಗೂ ಒಂದು ನಂಬರು

ನಮ್ಮ ಕನ್ನಡದಲ್ಲಿ ‘ಕೈ’ ಎಂಬುದು ಬಹಳ ಉದಾರವಾದ ಮಾತು. ಹೆಗಲಿನ ಕೆಳಗೆ ಶುರುವಾದರೆ ಬೆರಳ ತುದಿಯವರೆಗೆ ಎಲ್ಲವೂ ಕೈಯೇ. ಊರಿನಿಂದ ಬಂದ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು “ಕೈ ಮುರೀತಪ್ಪಾ” ಎಂದರೆ ಮನೆಯವರಿಗೆ ಅಷ್ಟೇ ಸಾಕು; ಹತ್ತಿರ ಹೋಗಿ ಯಾವ ಕೈ, ಎಲ್ಲಿ ಎಂದು ಕಣ್ಣಾರೆ ನೋಡುತ್ತಾರೆ. ಆದರೆ ಈ ಚೆನ್ನೈಯಲ್ಲಿ ಮಗ ಅದನ್ನೇ ಅರ್ಧ ತಮಿಳು ಅರ್ಧ ಇಂಗ್ಲಿಷಿನಲ್ಲಿ ಡಾಕ್ಟರಿಗೆ ಹೇಳಿ, ಅವರು ಆತುರದಲ್ಲಿ ಗೀಚಿ, ಅದನ್ನು ಮತ್ತೊಬ್ಬರು ಟೈಪು ಮಾಡಿ, ಆ ಕಾಗದ ಕೊನೆಗೆ ನಮ್ಮಂಥ ಗುಮಾಸ್ತರ ಮೇಜಿಗೆ ಬರುವ ಹೊತ್ತಿಗೆ ಆ ಕೈ ಏನೇನೋ ಆಗಿರುತ್ತದೆ.

ಮೊಣಕೈಯಿಂದ ಮಣಿಕಟ್ಟಿನವರೆಗಿನ ಮುಂಗೈಯಲ್ಲಿ ಎರಡು ಮೂಳೆಗಳಿವೆ. ಹೆಬ್ಬೆರಳಿನ ಕಡೆಯದು ರೇಡಿಯಸ್, ಕಿರುಬೆರಳಿನ ಕಡೆಯದು ಅಲ್ನಾ. ಬೀಳುವಾಗ ಅಂಗೈ ಊರುವುದು ಮನುಷ್ಯ ಸ್ವಭಾವ. ಊರಿದೊಡನೆ ಪೆಟ್ಟು ರೇಡಿಯಸ್ಸಿನ ಕೆಳತುದಿಗೆ. ಮೂಳೆ ಸವೆದ ವಯಸ್ಸಾದ ಹೆಂಗಸರಲ್ಲಿ ಇದು ತೀರ ಸಾಮಾನ್ಯ. ೧೮೧೪ರಲ್ಲಿ ಡಬ್ಲಿನ್ನಿನ ಅಬ್ರಹಾಂ ಕಾಲಿಸ್ ಎಂಬ ಶಸ್ತ್ರವೈದ್ಯರು ಇದರ ಲಕ್ಷಣಗಳನ್ನು ಬರೆದಿಟ್ಟರು. ಎಕ್ಸ್‌ರೇ ಬಂದದ್ದು ೧೮೯೫ರಲ್ಲಿ. ಅದಕ್ಕೆ ಎಂಬತ್ತು ವರ್ಷ ಮೊದಲೇ ಈ ಮಹಾನುಭಾವರು ಎಷ್ಟು ಖಚಿತವಾಗಿ ಬರೆದರೆಂದರೆ ಇಂದಿಗೂ ಡಾಕ್ಟರುಗಳು ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಈಗ ಎಕ್ಸ್‌ರೇ ಕೈಯಲ್ಲಿದ್ದೂ ‘ಕೈ ಮುರಿತ’ ಎಂದಷ್ಟೇ ಬರೆದು ಕಳಿಸುವವರಿದ್ದಾರೆ!

ಹೀಗೆ ಬರೆದರೆ ಆಗುವ ನಷ್ಟ ತಿಳಿಯಬೇಕಾದರೆ ನಂಬರಿನ ಸಂಗತಿ ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹತ್ತನೆಯ ಆವೃತ್ತಿಯಲ್ಲಿ ಮುಂಗೈ ಮುರಿತಕ್ಕೆಲ್ಲ ‘ಎಸ್ ೫೨’ ಎಂಬ ಮನೆ. ಅದರೊಳಗೆ ಕೋಣೆಗಳು: ಅಲ್ನಾದ ನಡುಭಾಗಕ್ಕೆ ೫೨.೨, ರೇಡಿಯಸ್ಸಿನ ನಡುಭಾಗಕ್ಕೆ ೫೨.೩, ಎರಡೂ ನಡುವೆ ಮುರಿದರೆ ೫೨.೪, ರೇಡಿಯಸ್ಸಿನ ಕೆಳತುದಿಗೆ ೫೨.೫. ಎಲ್ಲಿ ಎಂದೇ ಬರೆಯದಿದ್ದರೆ ೫೨.೯. ಅಂದರೆ ಜಗಲಿಯ ಮೇಲೆ ಕೂರಿಸಿದ ಹಾಗೆ. ಹನ್ನೊಂದನೆಯ ಆವೃತ್ತಿ ೨೦೨೨ರಲ್ಲಿ ಜಾರಿಗೆ ಬಂದಿದ್ದರೂ ನಮ್ಮ ಕಣ್ಣಿಗೆ ಬೀಳುವ ಕಾಗದಗಳಲ್ಲಿ ಇನ್ನೂ ಹತ್ತನೆಯದೇ.

ನಮ್ಮ ಸಂಘದ ಸದಸ್ಯರೊಬ್ಬರ ಮಗಳು ಬಿ.ಎಸ್ಸಿ. ಮಾಡಿ ಇಲ್ಲಿಯೇ ಒಂದು ಕೋಡಿಂಗ್ ಕಂಪನಿಯಲ್ಲಿದ್ದಾಳೆ. ಅಮೆರಿಕದ ಆಸ್ಪತ್ರೆಗಳ ಕಾಗದ ಓದಿ ನಂಬರು ಹಾಕುವುದು ಅವಳ ಕೆಲಸ. ಅಮೆರಿಕದವರು ೨೦೧೫ರ ಅಕ್ಟೋಬರಿನಿಂದ ಇದೇ ಪಟ್ಟಿಯನ್ನು ತಮಗೆ ಬೇಕಾದಂತೆ ಹಿಗ್ಗಿಸಿಕೊಂಡು ಬಳಸುತ್ತಿದ್ದಾರೆ. ಅವರಲ್ಲಿ ಎಡಗೈಯ ಕಾಲಿಸ್ ಮುರಿತ ‘ಎಸ್ ೫೨.೫೩೨ಎ’; ಬಲಗೈಯಾದರೆ ಕೊನೆಯ ಎರಡು ಹೋಗಿ ಒಂದು. ಆ ‘ಎ’ ಎಂದರೆ ಮೊದಲ ಭೇಟಿ ಎಂದು ನಾವು ತಿಳಿದಿದ್ದೆವು. “ಅಲ್ಲಣ್ಣಾ, ಚಿಕಿತ್ಸೆ ಇನ್ನೂ ನಡೀತಿದೆ ಅಂತ. ಗಾಯ ಮಾಗೋ ಹಂತಕ್ಕೆ ಬಂದ್ರೆ ಡಿ, ಮೂಳೆ ಸೊಟ್ಟಗೆ ಕೂಡಿದ್ರೆ ಪಿ” ಎಂದಳು. ಇನ್ನೊಂದು ತಮಾಷೆ: ೫೨.೬ ಎಂದರೆ ಅಲ್ಲಿ ಅಲ್ನಾದ ಕೆಳತುದಿ ಮಾತ್ರ. ಮೂಲ ಪಟ್ಟಿಯಲ್ಲಿ ಎರಡೂ ಮೂಳೆಗಳ ಕೆಳತುದಿ. ಬಿದ್ದದ್ದು ಹೇಗೆ ಎಂಬುದಕ್ಕೂ ಬೇರೆ ನಂಬರುಗಳುಂಟು. ಮರದಿಂದ ಬಿದ್ದರೆ ಒಂದು. ಹಸು ಗುದ್ದಿದರೆ ಅಮೆರಿಕದ ಪಟ್ಟಿಯಲ್ಲಿ ಅದಕ್ಕೂ ಒಂದು. ನಮ್ಮ ಊರುಗಳನ್ನು ನೋಡದೆ ಇದನ್ನು ಹೇಗೆ ಬರೆದರೋ!

“ಡಾಕ್ಟರು ಬರೀದೆ ಇದ್ದರೆ?” ಎಂದು ಕೇಳಿದೆವು. “ಊಹೆ ಮಾಡೋ ಹಾಗಿಲ್ಲ. ಅವರನ್ನೇ ಕೇಳಿ ಕಳಿಸ್ತೀವಿ” ಎಂದಳು. ಒಂದು ವಿಷಯದಲ್ಲಿ ಮಾತ್ರ ಕೇಳದೆಯೇ ತೀರ್ಮಾನವುಂಟು. ಚರ್ಮ ಹರಿದು ಮೂಳೆಯವರೆಗೆ ಗಾಯವಾಗಿದೆಯೇ ಇಲ್ಲವೇ ಎಂದು ಬರೆಯದಿದ್ದರೆ ‘ಹರಿದಿಲ್ಲ’ ಎಂದೇ ಲೆಕ್ಕ. ಹರಿದ ಗಾಯಕ್ಕೆ ತೊಳೆಯುವುದು, ನಂಜಾಗದಂತೆ ಔಷಧ, ಹೆಚ್ಚು ದಿನದ ವಾಸ ಎಲ್ಲ ಬೇಕು. ಕಾಗದದಲ್ಲಿ ಆ ಒಂದು ಮಾತಿಲ್ಲದಿದ್ದರೆ ಇಷ್ಟು ದಿನ ಯಾಕೆ ಇದ್ದಿರಿ ಎಂಬ ಪ್ರಶ್ನೆ ಬರುವುದು ಸಹಜ.

ನಮ್ಮ ಆಫೀಸಿನ ಮಿತ್ರರೊಬ್ಬರ ಸಂಗತಿ ಕೇಳಿ. ತಾಯಿಗೆ ಎಡ ಮಣಿಕಟ್ಟಿನ ಹತ್ತಿರ ಮುರಿದು ಪ್ಲೇಟು ಹಾಕಿದರು. ಆಸ್ಪತ್ರೆಗೆ ಕಟ್ಟಲು ಹೆಂಡತಿಯ ಬಳೆ ಅಡವಿಟ್ಟಿದ್ದರು. ಬಿಲ್ಲು ಬಂದಾಗ ನೋಡುತ್ತೇವೆ, ಎಕ್ಸ್‌ರೇ ವರದಿಯಲ್ಲಿ ಎಡ, ಬಿಡುಗಡೆಯ ಕಾಗದದಲ್ಲಿ ಬಲ! ಆಕ್ಷೇಪಣೆ ಹಾಕಿ ಹಿಂದಿರುಗಿಸದೆ ನಮಗೆ ಬೇರೆ ದಾರಿಯಿರಲಿಲ್ಲ. ಅವರು ಆಸ್ಪತ್ರೆಗೆ ನಾಲ್ಕು ಸಲ ತಿರುಗಿದರು. ಒಮ್ಮೆ ಅಲ್ಲಿನ ಗುಮಾಸ್ತೆ ಬಿಳಿ ಬಣ್ಣ ಬಳಿದು ತಿದ್ದಿಕೊಡಲು ಹೊರಟನಂತೆ. ಅದು ಇನ್ನೂ ಅಪಾಯ. ತಿದ್ದಿದ ಮಾತಿನ ಪಕ್ಕದಲ್ಲಿ ಡಾಕ್ಟರ ರುಜು, ತಾರೀಖು, ಮೊಹರು ಬಿದ್ದ ಮೇಲೆ ಹಣ ಮಂಜೂರಾಯಿತು. ಅಷ್ಟರಲ್ಲಿ ಎರಡು ತಿಂಗಳ ಬಡ್ಡಿ ಏರಿತ್ತು. ಅದನ್ನು ಯಾವ ಸರ್ಕಾರವೂ ಕೊಡುವುದಿಲ್ಲ.

ವಿಮೆ ಮಾಡಿಸಿದವರಿಗೂ ಇದೇ ಪಾಡು. ಕ್ಲೇಮು ಫಾರಮ್ಮಿನ ‘ಎ’ ಭಾಗ ನಾವು ತುಂಬುವುದು, ‘ಬಿ’ ಭಾಗ ಆಸ್ಪತ್ರೆಯವರು. ನಂಬರಿನ ಅಂಕಣ ಇರುವುದು ‘ಬಿ’ಯಲ್ಲಿ. ಪೆಟ್ಟು ಹೇಗಾಯಿತು, ರಸ್ತೆ ಅಪಘಾತವೇ, ಪೊಲೀಸರಿಗೆ ತಿಳಿಸಿದೆಯೇ ಎಂಬ ಪ್ರಶ್ನೆಗಳೂ ಅಲ್ಲಿವೆ. ಸ್ಕೂಟರಿನಿಂದ ಬಿದ್ದ ಹುಡುಗ ಅಪ್ಪನ ಹೆದರಿಕೆಗೆ “ಮೆಟ್ಟಿಲ ಮೇಲೆ ಜಾರಿದೆ” ಎಂದು ಡಾಕ್ಟರ ಮುಂದೆ ಹೇಳಿಬಿಟ್ಟರೆ ಆ ಸುಳ್ಳು ಕಾಗದದಲ್ಲಿ ಕೂತುಬಿಡುತ್ತದೆ. ಇನ್ನು ಆಂಧ್ರದ ಪುತ್ತೂರಿನ ಕಟ್ಟು (ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ) ಹಾಕಿಸಿಕೊಂಡು ಬಂದವರು ಬಿಲ್ಲಿನ ವಿಚಾರ ಕೇಳಿದರೆ ನಾವು ಸುಮ್ಮನಾಗುತ್ತೇವೆ. ಮೂಳೆ ಕೂಡಿದರೂ ಕಾಗದ ಹುಟ್ಟುವುದಿಲ್ಲ.

ಆದ್ದರಿಂದ ಆಸ್ಪತ್ರೆ ಬಿಡುವ ದಿನ ಆಟೋ ಕರೆಯುವುದಕ್ಕೆ ಮುಂಚೆ ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಕಾಗದ ಓದಿ. ಎಡವೋ ಬಲವೋ, ಯಾವ ಮೂಳೆ, ಯಾವ ತುದಿ, ಚರ್ಮ ಹರಿದಿತ್ತೇ, ಬಿದ್ದದ್ದು ಎಲ್ಲಿ ಹೇಗೆ ಎಂಬುದು ಇರಲಿ. ಒಳಗೆ ಪ್ಲೇಟು ಕೂರಿಸಿದ್ದರೆ ಅದರ ಚೀಟಿಯ ಪ್ರತಿಯನ್ನೂ ಕೇಳಿ ಪಡೆಯಿರಿ. ವರ್ಗವಾಗಿ ಪುಣೆಗೋ ದೆಹಲಿಗೋ ಹೋದ ಮೇಲೆ ಅದನ್ನು ತೆಗೆಯಬೇಕಾದರೆ ಹೊಸ ಡಾಕ್ಟರು ಮೊದಲು ಕೇಳುವುದು ಅದನ್ನೇ. ದಾಖಲೆ ಕೇಳಿದರೆ ೭೨ ಗಂಟೆಯೊಳಗೆ ಕೊಡಬೇಕೆಂದು ವೈದ್ಯರಿಗೆ ೨೦೦೨ರ ನಿಯಮವೇ ಇದೆ. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದಂದಿನಿಂದ ಮೂರು ವರ್ಷ ಇಟ್ಟಿರಬೇಕೆಂದೂ ಇದೆ. ಆಮೇಲೆ ಇಡಲೇಬೇಕೆಂದು ಆ ನಿಯಮ ಹೇಳುವುದಿಲ್ಲ. ಹೋಗುವವರು ಮೂರು ವರ್ಷದೊಳಗೆ, ಅರ್ಜಿಯನ್ನು ಬರಹದಲ್ಲಿಯೇ ಕೊಟ್ಟು, ನಕಲಿನ ಮೇಲೆ ಸ್ವೀಕೃತಿಯ ರುಜು ಹಾಕಿಸಿಕೊಂಡು ಬರತಕ್ಕದ್ದು.