ಓದಲು ಹೋದವರು ಊರು ನೋಡಬಾರದೇ?

"ಓದೋಕೆ ಕಳಿಸಿದ್ರೋ, ತಿರುಗೋಕೆ ಕಳಿಸಿದ್ರೋ?" ಜಾರ್ಜಿಯಾದಲ್ಲಿ ಎಂಬಿಬಿಎಸ್ ಓದುತ್ತಿರುವ ನನ್ನಂಥವರ ಅಪ್ಪ ಅಮ್ಮ ಮದುವೆಮನೆಯಲ್ಲಿ, ಬ್ಯಾಂಕಿನಲ್ಲಿ, ಜಾತ್ರೆಯಲ್ಲಿ ಕೇಳಿಸಿಕೊಳ್ಳುವ ಪ್ರಶ್ನೆ ಇದು. ಮಗಳು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಿಮದ ಬೆಟ್ಟದ ಫೋಟೊ ಹಾಕಿದರೆ ಸಾಕು, ಹೊಲ ಒತ್ತೆ ಇಟ್ಟ ಸುದ್ದಿ ಮತ್ತೆ ಎದ್ದು ಬರುತ್ತದೆ. ಎಣ್ಣೆಗಾಯಿ ಮಾಡಿದ ಫೋಟೊ ಹಾಕಿದರೆ ಇನ್ನೊಂದು ಮಾತು: "ಅಷ್ಟೊತ್ತು ಪುಸ್ತಕ ಹಿಡಿದಿದ್ರೆ ಆಗ್ತಿರಲಿಲ್ವಾ?"

ಇದಕ್ಕೆ ಉತ್ತರ ಹೇಳಬೇಕು ಅಂತ ಬಹಳ ದಿನದಿಂದ ಇತ್ತು. ನಾನು ಗದಗ ಜಿಲ್ಲೆಯವಳು, ಟಿಬಿಲಿಸಿಯಲ್ಲಿ ಕೊನೆಯ ವರ್ಷದಲ್ಲಿದ್ದೇನೆ. ರೋಗಿಯ ಪಕ್ಕ ಕೂತು ಮಾತಾಡುವುದನ್ನು ನನಗೆ ಕಲಿಸಿದ್ದರಲ್ಲಿ ಇಲ್ಲಿನ ಸಂತೆ, ನಮ್ಮ ಬಾಡಿಗೆ ಮನೆಯ ಒಲೆ, ಊರೂರಿಗೆ ಹತ್ತಿಸಿಕೊಂಡು ಹೋದ ಮಿನಿಬಸ್ಸುಗಳ ಪಾಲು ದೊಡ್ಡದು. ಅದನ್ನು ದುಂದು ಎಂದು ಲೆಕ್ಕ ಹಾಕುವವರಿಗೆ ಡಾಕ್ಟರ್ ಆಗುವುದೆಂದರೆ ಏನು ಅನ್ನುವುದು ಪೂರ್ತಿ ತಿಳಿದಿಲ್ಲ ಅಂತಲೇ ನನ್ನ ಅಭಿಪ್ರಾಯ.

ಮನೆಯವರ ಹೆದರಿಕೆ ನನಗೆ ಅರ್ಥವಾಗುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದ ಪ್ರಕಾರ ಹೊರದೇಶದಲ್ಲಿ ಕನಿಷ್ಠ 54 ತಿಂಗಳ ಕೋರ್ಸು, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್, ವಾಪಸ್ ಬಂದ ಮೇಲೆ ಪರೀಕ್ಷೆ, ಮತ್ತೆ ಭಾರತದಲ್ಲಿ 12 ತಿಂಗಳ ಇಂಟರ್ನ್‌ಶಿಪ್. ಎಫ್‌ಎಂಜಿಇ ಎಂಬ ಆ ಪರೀಕ್ಷೆಯಲ್ಲಿ 300 ಪ್ರಶ್ನೆ, ಪಾಸಾಗಲು 150 ಬೇಕು. ಬರೆದವರಲ್ಲಿ ಪಾಸಾದವರಿಗಿಂತ ಉಳಿದವರೇ ಜಾಸ್ತಿ ಇರುವುದು ಪ್ರತಿ ಸಲದ ಸುದ್ದಿ. ಹಾಗಾಗಿ ಮೊದಲ ವರ್ಷದಿಂದಲೇ ಸೀನಿಯರ್‌ಗಳು ಹೇಳುತ್ತಾರೆ: ಬಾಗಿಲು ಹಾಕಿಕೋ, ಆ್ಯಪ್ ತೆಗಿ, ಎಂಸಿಕ್ಯೂ ಹೊಡಿ. ನಾನೂ ಹೊಡೆಯುತ್ತೇನೆ, ದಿನಾ ಹೊಡೆಯುತ್ತೇನೆ. ಆದರೆ ನಾಲ್ಕು ಆಯ್ಕೆ ಕೊಟ್ಟು ಯಾವ ರೋಗಿಯೂ ಮುಂದೆ ಬಂದು ಕೂರುವುದಿಲ್ಲ.

ನಮ್ಮ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ. ವಾರ್ಡಿನಲ್ಲಿ ಮಲಗಿರುವ ಅಜ್ಜಿಗೆ ಜಾರ್ಜಿಯನ್ ಬಿಟ್ಟರೆ ಸ್ವಲ್ಪ ರಷ್ಯನ್ ಬರುತ್ತದೆ, ಅಷ್ಟೇ. ನಾಲ್ಕನೇ ವರ್ಷದಲ್ಲಿ ಅಂಥ ಒಬ್ಬರ ಕೇಸ್ ಹಿಸ್ಟರಿ ತೆಗೆದುಕೊಳ್ಳಬೇಕಿತ್ತು. ಬಿಪಿ ಏರಿಯೇ ಇತ್ತು, ಮಾತ್ರೆ ತಪ್ಪಿಸಿಲ್ಲ, "ಉಪ್ಪು ಮುಟ್ಟುವುದೇ ಇಲ್ಲ" ಅಂತ ಖಂಡಿತವಾಗಿ ಹೇಳುತ್ತಿದ್ದರು. ಉಪ್ಪನ್ನು ಬಿಟ್ಟು ಬೇರೆ ಕಡೆಯಿಂದ ಕೇಳುತ್ತಾ ಹೋದೆ. ಸುಲುಗುನಿ ಚೀಸ್ ತಿನ್ನುತ್ತೀರಾ? ದಿನಾ. ಜೋಂಜೋಲಿ? ಅದೊಂದು ಗಿಡದ ಮೊಗ್ಗನ್ನು ಉಪ್ಪಿನಲ್ಲಿ ನೆನೆಹಾಕಿದ ಉಪ್ಪಿನಕಾಯಿ. ಈಗ ತಾನೇ ಹೊಸ ಜಾಡಿ ತೆಗೆದಿದ್ದಾರಂತೆ. ಅಜಿಕಾ, ಆ ಉಪ್ಪು-ಖಾರದ ಚಟ್ನಿ? ಅಯ್ಯೋ, ಅದಿಲ್ಲದೆ ಊಟ ಇಳಿಯುತ್ತದೆಯೇ? ಅಜ್ಜಿ ನಕ್ಕರು, ನನ್ನ ಕೈ ಹಿಡಿದುಕೊಂಡು ಮನೆಯ ಉಪ್ಪಿನಕಾಯಿಗಳನ್ನೆಲ್ಲ ಒಂದೊಂದಾಗಿ ಹೇಳಿದರು. ಆ ಹೆಸರುಗಳು ಯಾವ ಪಠ್ಯಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ಕೊತ್ತಂಬರಿ ಕೊಳ್ಳಲು ಹೋದಾಗ ಸಿಕ್ಕಿದ್ದವು.

ರೈಲ್ವೆ ಸ್ಟೇಷನ್ ಪಕ್ಕದ ಡೆಸರ್ಟರ್ ಬಜಾರ್ ನಮ್ಮ ಸಂತೆ. 1920ರ ದಶಕದಲ್ಲಿ ಸೈನ್ಯ ಬಿಟ್ಟು ಓಡಿಬಂದವರು ತಮ್ಮ ಆಯುಧಗಳನ್ನು ಮಾರುತ್ತಿದ್ದ ಜಾಗ, ಅದಕ್ಕೇ ಆ ಹೆಸರು ಅನ್ನುತ್ತಾರೆ. ಯುರೋಪಿನ ಅಂಚಿನಲ್ಲಿ ಇಷ್ಟೊಂದು ಕೊತ್ತಂಬರಿ ತಿನ್ನುವ ಜನ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ರಾಶಿ ರಾಶಿ ಕಟ್ಟು, ಬೇರಿನ ಮಣ್ಣಿನ ಸಮೇತ. ಹುಳಿ ಪ್ಲಮ್ಮಿನ ತ್ಕೆಮಾಲಿ ಚಟ್ನಿಯನ್ನು ಹಳೆಯ ಕೂಲ್‌ಡ್ರಿಂಕ್ ಬಾಟಲಿಗಳಲ್ಲಿ ತುಂಬಿಟ್ಟಿರುತ್ತಾರೆ. ಮಸಾಲೆ ಮಾರುವ ಹೆಂಗಸರ ಮುಂದೆ ಅರಿಸಿನದಂಥ ಒಂದು ಹಳದಿ ಪುಡಿಯ ಗುಡ್ಡೆ ಕಂಡಿತು. ಮೂಸಿ ನೋಡಿದರೆ ಅರಿಸಿನ ಅಲ್ಲ, ಪರಿಚಯದ ವಾಸನೆ, ಆದರೆ ಅಡುಗೆಮನೆಯದ್ದಲ್ಲ. ಕೊನೆಗೆ ಆಕೆ ಒಂದು ಒಣಗಿದ ಹೂವನ್ನೇ ತೆಗೆದು ತೋರಿಸಿದರು: ಚೆಂಡುಹೂವು! ದಸರೆಗೆ ನಾವು ಬಾಗಿಲಿಗೆ, ಟ್ರ್ಯಾಕ್ಟರಿಗೆ ಕಟ್ಟುವ ಹೂವನ್ನು ಇವರು ಒಣಗಿಸಿ ಪುಡಿ ಮಾಡಿ ಅಕ್ರೋಟಿನ ಗ್ರೇವಿಗೆ ಹಾಕುತ್ತಾರೆ. ಪಕ್ಕದಲ್ಲಿ ಉತ್ಸಖೋ ಸುನೇಲಿ, ಅಂದರೆ ನೀಲಿ ಹೂವಿನ ಮೆಂತ್ಯ. ನಮ್ಮ ಮೆಂತ್ಯದ ಕುಲದ್ದೇ, ಕಹಿ ಕಡಿಮೆ. ಅವತ್ತಿನಿಂದ ಆಕೆ ನನಗೆ ಭಾಷೆ ಕಲಿಸುವ ಮೇಡಂ. ಎಣಿಸುವುದನ್ನು, ಚೌಕಾಸಿಯನ್ನು, "ಎಲ್ಲಿ ನೋವು" ಅಂತ ಕೇಳುವುದನ್ನು ಆ ಮಸಾಲೆ ಗುಡ್ಡೆಗಳ ಮುಂದೆ ನಿಂತು ಕಲಿತೆ. ಆ ಪ್ರಶ್ನೆಯ ಜಾರ್ಜಿಯನ್ ಪದದಲ್ಲಿ ಗ, ಟ, ಕ ಮೂರೂ ಒಟ್ಟಿಗೆ ಬರುತ್ತವೆ, ನಾಲಿಗೆ ಹೊರಳುವುದಿಲ್ಲ. ನನ್ನ ಬಾಯಲ್ಲಿ ಸರಿಯಾಗಿ ಬರುವ ತನಕ ಆಕೆ ಚಿಲ್ಲರೆ ಕೊಡುತ್ತಿರಲಿಲ್ಲ.

ಊರಿಂದ ತಂದ ಜೋಳದ ಹಿಟ್ಟು ಎಷ್ಟು ದಿನ ಬಂದೀತು? ಮುಗಿದ ಮೇಲೆ ಇಲ್ಲಿನ ಬಿಳಿ ಮೆಕ್ಕೆಜೋಳದ ಹಿಟ್ಟಿಗೆ ಬಂದೆ. ಜಾರ್ಜಿಯನ್ನರು ಇದರಲ್ಲಿ ಮ್ಚಾದಿ ಮಾಡುತ್ತಾರೆ, ಅಂಗೈಯಲ್ಲೇ ತಟ್ಟಿ ದಪ್ಪಗೆ ಬೇಯಿಸುವ ರೊಟ್ಟಿ. ನಾನು ಎಸರು ಕಾಯಿಸಿ, ಹಿಟ್ಟಿಗೆ ಹೊಯ್ದು, ಬಿಸಿ ಇರುವಾಗಲೇ ನಾದಿ ಬಡಿಯುತ್ತೇನೆ. ಅಂಚು ಸೀಳುತ್ತದೆ. ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕಿ, ಅಂಚು ಒತ್ತುತ್ತಾ ಹೋದರೆ ಉಬ್ಬುತ್ತದೆ. ಇಲ್ಲಿ ಮುಳ್ಳುಗಾಯಿ ಸಿಗುವುದಿಲ್ಲ. ಉದ್ದನೆಯ ಬದನೆಯನ್ನೇ ತುಂಡು ಮಾಡಿ, ಸೀಳಿ, ಶೇಂಗಾ ಸಿಗದಾಗ ಅಕ್ರೋಟು ಕುಟ್ಟಿ ತುಂಬಿ ಎಣ್ಣೆಗಾಯಿ ಮಾಡುತ್ತೇನೆ. ಮನೆ ಮಾಲೀಕರಾದ ಅಜ್ಜಿಗೆ ಕೊಟ್ಟಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಬದನೆಗೆ ಅಕ್ರೋಟು ತುಂಬುವುದು ಅವರ ಮನೆಯಲ್ಲಿ ತಲೆತಲಾಂತರದ ಅಡುಗೆ. ಖಾರ ಜಾಸ್ತಿ ಆಯಿತು ಅಂದರು, ಬಟ್ಟಲು ಮಾತ್ರ ಖಾಲಿ ಮಾಡಿದರು. ಅದಕ್ಕೂ ಮೊದಲಿದ್ದ ಮನೆಯವರು ಒಗ್ಗರಣೆ ವಾಸನೆ ಆಗುವುದಿಲ್ಲವೆಂದು ಚಳಿಗಾಲದ ಮಧ್ಯದಲ್ಲೇ ಖಾಲಿ ಮಾಡಿಸಿದ್ದರು. ಎರಡೂ ಈ ಊರೇ.

ಅಡುಗೆ ಬರದೆ ಬಂದ ಹುಡುಗರ ಸ್ಥಿತಿ ನೋಡಿದರೆ ಸಂಕಟವಾಗುತ್ತದೆ. ಮೊದಲ ಚಳಿಗಾಲದಲ್ಲಿ ಐದೂವರೆಗೆಲ್ಲ ಬೆಳಕು ಹೋಗುತ್ತಾ ಬರುತ್ತದೆ, ಮನೆಯ ನೆನಪು ಗಂಟಲಿಗೆ ಬರುತ್ತದೆ. ಇವರು ನೂಡಲ್ಸು, ಬ್ರೆಡ್ಡು ತಿಂದು ಮಲಗುತ್ತಾರೆ. ತೂಕ ಇಳಿದು, ಮುಖ ಬಿಳಿಚಿ, ಬೆಳಗಿನ ಕ್ಲಾಸು ತಪ್ಪಿಸುವುದು ಅಲ್ಲಿಂದಲೇ ಶುರು. ಅಂಥವರಲ್ಲಿ ಕೆಲವರು ನಮ್ಮ ಮನೆಯ ಶನಿವಾರದ ಅಡುಗೆಗೆ ಬರತೊಡಗಿದರು. ಕೇರಳದವಳು ಅವಿಯಲ್, ಹರಿಯಾಣದವನು ಕಢಿ, ನಾನು ರೊಟ್ಟಿ ಪಲ್ಯ. ಈರುಳ್ಳಿ ಹೆಚ್ಚುತ್ತಾ ಫಾರ್ಮಕಾಲಜಿ ಪ್ರಶ್ನೆ ಕೇಳಿಕೊಳ್ಳುತ್ತೇವೆ. ಖಿನ್ನತೆ ಬಗ್ಗೆ ಪಾಠ ಓದುವ ನಾವೇ ಒಬ್ಬರನ್ನೊಬ್ಬರು ಊಟಕ್ಕೆ ಕರೆಯದಿದ್ದರೆ ಆ ಓದಿಗೆ ಏನು ಬೆಲೆ?

ನಮ್ಮ ಗುಂಪಿನಲ್ಲಿ ಒಬ್ಬ ಯುದ್ಧದಿಂದಾಗಿ ಯುಕ್ರೇನಿನಿಂದ ಇಲ್ಲಿಗೆ ಬಂದವನು. ಅವನ ಮಂಚದ ಕೆಳಗೆ ಯಾವಾಗಲೂ ಅಕ್ಕಿ, ಬೇಳೆ, ನೀರಿನ ಕ್ಯಾನು ಇರುತ್ತವೆ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಿನಸಿ ತರಲು ಹೋದ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿ ದಾಳಿಗೆ ಬಲಿಯಾದದ್ದು ಕರ್ನಾಟಕಕ್ಕೆಲ್ಲ ಗೊತ್ತು. ಮಗನ ದೇಹ ಊರಿಗೆ ಬಂದ ಮೇಲೆ ಆ ತಂದೆ ತಾಯಿ ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ಕೊಟ್ಟರು. ಹೊರದೇಶದಲ್ಲಿ ಓದುವವರ ಅಡುಗೆಯ ಬಗ್ಗೆ ಹಗುರವಾಗಿ ಮಾತಾಡುವವರನ್ನು ಕಂಡಾಗ ನನಗೆ ಆ ಮನೆ ನೆನಪಾಗುತ್ತದೆ.

ಇನ್ನು ತಿರುಗಾಟದ ಮಾತು. ಟಿಬಿಲಿಸಿಯಲ್ಲೇ, ಮ್ಟ್ಕ್ವಾರಿ ನದಿಯ ದಂಡೆಯಲ್ಲಿ ಎಲಿಯಾವಾ ಸಂಸ್ಥೆ ಇದೆ. ಪ್ರವಾಸಿಗರು ಅತ್ತ ಹೋಗುವುದು ಕಡಿಮೆ, ವೈದ್ಯ ವಿದ್ಯಾರ್ಥಿ ಮಾತ್ರ ನೋಡದೆ ಇರಬಾರದು. ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್ಸುಗಳು, ಅಂದರೆ ಫೇಜ್‌ಗಳಿಂದ ರೋಗ ವಾಸಿ ಮಾಡುವ ಕೆಲಸಕ್ಕೆ ಗಿಯೋರ್ಗಿ ಎಲಿಯಾವಾ 1923ರಲ್ಲಿ ಕಟ್ಟಿದ ಸಂಸ್ಥೆ ಅದು. ಫೇಜ್‌ಗೆ ಆ ಹೆಸರಿಟ್ಟ ಫೆಲಿಕ್ಸ್ ದೆರೆಲ್ 1930ರ ದಶಕದಲ್ಲಿ ಇಲ್ಲಿಗೆ ಬಂದು ಎಲಿಯಾವಾ ಜೊತೆ ಕೆಲಸ ಮಾಡಿದರು. ಇದೇ ದೆರೆಲ್ 1927ರಲ್ಲಿ ಭಾರತಕ್ಕೆ ಬಂದು ಕಾಲರಾ ರೋಗಿಗಳಿಗೆ ಫೇಜ್ ಕೊಟ್ಟು ನೋಡಿದ್ದವರು. 1937ರಲ್ಲಿ ಸ್ಟಾಲಿನ್ ಆಡಳಿತ ಎಲಿಯಾವಾರನ್ನು ಕೊಲ್ಲಿಸಿತು. ಆಮೇಲೆ ಪೆನ್ಸಿಲಿನ್ ಯುಗ ಬಂತು, ಪಶ್ಚಿಮದ ದೇಶಗಳು ಫೇಜ್‌ಗಳನ್ನು ಮರೆತವು, ಈ ಊರು ಮರೆಯಲಿಲ್ಲ. ಈಗ ಯಾವ ಆ್ಯಂಟಿಬಯಾಟಿಕ್ಕಿಗೂ ಬಗ್ಗದ ಸೋಂಕು ಹಿಡಿದವರು ದೂರದ ದೇಶಗಳಿಂದ ಇದೇ ದಂಡೆಗೆ ಬರುತ್ತಾರೆ. ನಮ್ಮಲ್ಲಿ ನೆಗಡಿಗೂ ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ತಂದು ಎರಡು ದಿನ ನುಂಗಿ ಬಿಡುತ್ತಾರಲ್ಲ, ಅದು ಕೊನೆಗೆ ಎಲ್ಲಿ ಮುಟ್ಟುತ್ತದೆ ಅನ್ನುವುದು ಆ ಗೇಟಿನ ಮುಂದೆ ನಿಂತಾಗ ನನ್ನ ಮನಸ್ಸಿಗೆ ನಾಟಿದಷ್ಟು ಸ್ಲೈಡುಗಳಲ್ಲಿ ನಾಟಿರಲಿಲ್ಲ.

ಅಬಾಸ್ತುಮನಿಗೆ ಹೋಗಿದ್ದೂ ಹಾಗೇ. ಪೈನ್ ಮರಗಳ ಬೆಟ್ಟದ ಊರು, ಒಂದು ಕಾಲದಲ್ಲಿ ಕ್ಷಯರೋಗಿಗಳ ತಾಣ. ರಷ್ಯಾದ ಚಕ್ರವರ್ತಿ ಎರಡನೇ ನಿಕೋಲಸನ ತಮ್ಮ ಗಿಯೋರ್ಗಿಯನ್ನು ಒಳ್ಳೆಯ ಗಾಳಿಗಾಗಿ ಇಲ್ಲಿಟ್ಟಿದ್ದರು. 1899ರಲ್ಲಿ ಇಲ್ಲೇ ದಾರಿಯಲ್ಲಿ ರಕ್ತ ಕಾರಿ ತೀರಿಕೊಂಡ, ವಯಸ್ಸು 28. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿ ಅವರೂ ಕ್ಷಯದಿಂದಲೇ ಹೋದವರು. ಮೈಸೂರಿನ ಪಿಕೆಟಿಬಿ ಸ್ಯಾನಟೋರಿಯಂ ಅವರ ಹೆಸರಿನದು. ಸ್ಟ್ರೆಪ್ಟೊಮೈಸಿನ್ ಬರುವ ಮೊದಲು ಅರಮನೆಗೂ ಗುಡಿಸಲಿಗೂ ಇದ್ದ ಔಷಧಿ ಗಾಳಿ, ಬಿಸಿಲು, ಹಾಲು, ಮೊಟ್ಟೆ. ಇವತ್ತು ಆರು ತಿಂಗಳ ಮಾತ್ರೆ ಪುಕ್ಕಟೆ ಸಿಗುವಾಗ ಮಧ್ಯದಲ್ಲೇ ಬಿಡುವ ರೋಗಿಗೆ ನಾನು ಹೇಳಬೇಕಾದ್ದು ಆ ಪೈನ್ ಕಾಡಿನಲ್ಲಿ ನನಗೆ ಸಿಕ್ಕಿತು.

ತ್ಸಖಾಲ್ತುಬೋದಲ್ಲಿ ರೇಡಾನ್ ನೀರಿನ ಸ್ನಾನಗೃಹಗಳಿವೆ, ಸ್ಟಾಲಿನ್ ಬಂದು ಮಿಂದ ಜಾಗ. ಅಲ್ಲಿನ ದೊಡ್ಡ ದೊಡ್ಡ ಸ್ಯಾನಟೋರಿಯಂಗಳಲ್ಲಿ 1992-93ರ ಅಬ್ಖಾಜಿಯಾ ಯುದ್ಧದಿಂದ ಓಡಿಬಂದವರನ್ನು ಇರಿಸಿದರು. ತಾತ್ಕಾಲಿಕ ಅಂತ ಬಂದವರಿಗೆ ಅಲ್ಲೇ ಮೊಮ್ಮಕ್ಕಳಾದರು. ಅಮೃತಶಿಲೆಯ ಕಂಬಗಳ ನಡುವೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು, ಗೋಡೆಗಳಲ್ಲಿ ಬೂಷ್ಟು. ಕಮ್ಯುನಿಟಿ ಮೆಡಿಸಿನ್ ಅಂದರೆ ಬೋರು ಅನ್ನುತ್ತಿದ್ದ ನನ್ನ ಗೆಳತಿ ಅಲ್ಲಿಂದ ಬರುವಾಗ ದಾರಿಯುದ್ದಕ್ಕೂ ಅದನ್ನೇ ಮಾತಾಡಿದಳು.

ಬರೀ ಚಂದಕ್ಕೂ ಹೋಗಿದ್ದೇವೆ, ಅದನ್ನು ಮುಚ್ಚಿಡಬೇಕಾಗಿಲ್ಲ. 2,170 ಮೀಟರ್ ಎತ್ತರದ ಗೆರ್ಗೆಟಿ ಚರ್ಚಿನ ಹಿಂದೆ ಮೋಡ ಸರಿದು ಕಜ್ಬೆಕ್ ಶಿಖರ ಕಂಡರೆ ಆ ವಾರದ ಪರೀಕ್ಷೆಯ ಭಯ ಅರ್ಧ ಇಳಿಯುತ್ತದೆ. ಕಖೇತಿ ಕಡೆ ಹೋದರೆ ಭಾರತದವರು ಅಂದ ತಕ್ಷಣ ವಯಸ್ಸಾದವರು ರಾಣಿ ಕೆತೆವಾನ್ ಹೆಸರೆತ್ತುತ್ತಾರೆ. 1624ರಲ್ಲಿ ಶಿರಾಜ್‌ನಲ್ಲಿ ಪ್ರಾಣ ಬಿಟ್ಟ ಆ ರಾಣಿಯ ಅಸ್ಥಿಯನ್ನು ಪಾದ್ರಿಗಳು ಗೋವೆಗೆ ತಂದಿದ್ದರು. ಹಳೇ ಗೋವಾದ ಅಗೆತದಲ್ಲಿ ಸಿಕ್ಕಿತು, ಹೈದರಾಬಾದಿನ ಸಿಸಿಎಂಬಿಯಲ್ಲಿ ಡಿಎನ್‌ಎ ಪರೀಕ್ಷೆ ಆಯಿತು, 2021ರಲ್ಲಿ ಭಾರತ ಅದನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಕಾರವಾರದ ಆಚೆಗಿನ ಊರಿನಿಂದ ಬಂದ ಮೂಳೆಗೆ ಈ ಜನ ಮೇಣದಬತ್ತಿ ಹಚ್ಚುವುದನ್ನು ನೋಡಿದ ಮೇಲೆ ನಾನು ಇಲ್ಲಿ ಪರದೇಶಿ ಅನ್ನಿಸುವುದು ಕಡಿಮೆಯಾಗಿದೆ.

ಖರ್ಚಿನ ಲೆಕ್ಕ ಕೇಳುವವರಿಗೆ: ದಿದುಬೆ ನಿಲ್ದಾಣದಿಂದ ಮಿನಿಬಸ್ಸು, ಬೆನ್ನಿಗೆ ಬುತ್ತಿ. ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಜೊತೆಗೆ ಗುರೆಳ್ಳು ಚಟ್ನಿ, ದಾರಿಯಲ್ಲಿ ಮೊಸರಿನಂಥ ಮತ್ಸೋನಿ ಕೊಂಡರೆ ಊಟ ಮುಗಿಯಿತು. ಇಲ್ಲಿನ ಒಂದು ಹೋಟೆಲ್ ಊಟದ ದುಡ್ಡಿನಲ್ಲಿ ಒಂದು ಊರು ನೋಡಿ ಬರುತ್ತೇವೆ.

ಈ ವರ್ಷ ಮಕ್ಕಳನ್ನು ಕಳಿಸುತ್ತಿರುವ ಮನೆಗಳಿಗೆ ನನ್ನ ಬೇಡಿಕೆ ಇಷ್ಟು. ವೀಸಾ ಬರುವ ತನಕ ಸಮಯ ಇರುತ್ತದೆ; ಹುಡುಗ ಇರಲಿ ಹುಡುಗಿ ಇರಲಿ, ಅನ್ನ, ಸಾರು, ಒಂದು ಪಲ್ಯ, ರೊಟ್ಟಿ ಕಲಿಸಿ. ಹುಡುಗರಿಗೆ ಕಲಿಸದಿರಲು ಯಾವ ಕಾರಣವೂ ಇಲ್ಲ. ಫೋನಿನಲ್ಲಿ ಮಾರ್ಕ್ಸ್ ಕೇಳಿದ ಮೇಲೆ ಯಾವ ಊರಿಗೆ ಹೋಗಿದ್ದೆ, ಯಾರನ್ನು ಮಾತಾಡಿಸಿದೆ ಅಂತಲೂ ಕೇಳಿ. ಇನ್ನೊಂದು ಮಾತು, ಇದು ಜೀವದ ವಿಷಯ. 2024ರ ಡಿಸೆಂಬರ್‌ನಲ್ಲಿ ಗುಡೌರಿಯ ಹಿಮದೂರಿನಲ್ಲಿ, ಭಾರತೀಯ ಹೋಟೆಲೊಂದರ ಮೇಲಿನ ಕೋಣೆಗಳಲ್ಲಿ ಮಲಗಿದ್ದ ನಮ್ಮ ದೇಶದ 11 ಮಂದಿ ಕಾರ್ಬನ್ ಮಾನಾಕ್ಸೈಡಿನಿಂದ ತೀರಿಕೊಂಡರು. ಆ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಇಲ್ಲಿನ ಹಳೆಯ ಮನೆಗಳಲ್ಲಿ ನೀರು ಕಾಯಿಸುವುದೂ ಕೋಣೆ ಬೆಚ್ಚಗಿಡುವುದೂ ಗ್ಯಾಸಿನಿಂದಲೇ, ಚಳಿಗೆ ಕಿಟಕಿಯನ್ನೆಲ್ಲ ಬಿಗಿದಿರುತ್ತಾರೆ. ಕಾರ್ಬನ್ ಮಾನಾಕ್ಸೈಡ್ ಪತ್ತೆ ಮಾಡುವ, ಗೋಡೆಗೆ ಹಾಕುವ ಒಂದು ಸಣ್ಣ ಅಲಾರಾಂ ಸಿಗುತ್ತದೆ. ಮಕ್ಕಳು ಮನೆ ಹಿಡಿದ ದಿನವೇ ಅದನ್ನು ಕೊಳ್ಳಲು ಹೇಳಿ, ಹಾಕಿದ ಮೇಲೆ ವಿಡಿಯೊ ಕಾಲ್‌ನಲ್ಲಿ ತೋರಿಸಲು ಹೇಳಿ. ಸೂಟ್‌ಕೇಸಿನಲ್ಲಿ ಕುಕ್ಕರ್ ಇಟ್ಟರೆ ಗ್ಯಾಸ್ಕೆಟ್ ಇನ್ನೊಂದು ಜೊತೆ ಇಡಿ, ನಮ್ಮ ಅಳತೆಯದು ಇಲ್ಲಿ ಸಿಗುವುದಿಲ್ಲ.